ಬ್ರೇಕ್ ಮೇಷ್ಟ್ರು ದೀಪ ನೋಡಲು ಹೊರಟದ್ದು

ನನ್ನ ಭಾವನವರ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಎರಡು ಬೆರಳು ದಪ್ಪ. ಇದು ಅವರ ದರ್ಜಿಗೆ ಗೊತ್ತು, ನನ್ನ ಅಕ್ಕನಿಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು. ಇಪ್ಪತ್ತಾರು ವರ್ಷ ಡ್ರೈವಿಂಗ್ ಶಾಲೆಯ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು, ತಮ್ಮ ಕಾಲಡಿಗೆ ಅಳವಡಿಸಿರುವ ಎರಡನೇ ಬ್ರೇಕನ್ನು ತುಳಿದು ತುಳಿದು ಗಳಿಸಿದ ಆಸ್ತಿ ಅದು. ಆ ಕಾಲು ಉಳಿಸಿದ ನಾಯಿಗಳೆಷ್ಟು, ಕೋಳಿಗಳೆಷ್ಟು, ಸೈಕಲ್ಲಿನವರೆಷ್ಟು, ತರಕಾರಿ ಗಾಡಿಗಳೆಷ್ಟು! ಊರಿಗೆ ಕೃತಜ್ಞತೆ ಎಂಬುದೊಂದಿದ್ದಿದ್ದರೆ ಆ ಕಾಲಿಗೊಂದು ಪ್ರತಿಮೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟು ಕೈತೊಳೆದುಕೊಂಡಿತು.

ಟೀವಿಯಲ್ಲಿ ಕಾರು ಜೋರಾಗಿ ಓಡಿದರೆ ಭಾವ ಸೋಫಾದಲ್ಲೇ ಬ್ರೇಕ್ ಒತ್ತುವರು. ನಿದ್ದೆಯಲ್ಲಿ ಒತ್ತುವರು. ಸೋಫಾದ ಮುಂದಿನ ಜಮಖಾನೆಯಲ್ಲಿ ಅವರ ಹಿಮ್ಮಡಿಯ ಅಳತೆಗೆ ಸರಿಯಾಗಿ ಒಂದು ತೂತು ಬಿದ್ದಿದೆ. ಅವರ ಕೈಯಲ್ಲಿ ಕಲಿತು ಪಾಸಾಗದೆ ಉಳಿದವನು ಊರಿಗೊಬ್ಬನೇ, ಅದು ನಾನು. ನಾನೊಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ನಾಲ್ಕು ಸಲ ಪರೀಕ್ಷೆಗೆ ಹೋದೆ. ನಾಲ್ಕನೇ ಸಲ ಪರೀಕ್ಷಾಧಿಕಾರಿಗಳು ಅರ್ಧದಾರಿಯಲ್ಲೇ ಕಾರಿನಿಂದಿಳಿದು, ಒಂದು ಮಾತೂ ಆಡದೆ, ನಡೆದುಕೊಂಡೇ ಕಚೇರಿಗೆ ಹೋದರು.

ಮೂರು ವರ್ಷದ ಹಿಂದೆ ಭಾವ ಹೊಸದೊಂದು ಬೋಧನಾ ಪದ್ಧತಿ ಕಂಡುಹಿಡಿದರು. ಕಲಿಯುವವರು ಗಾಡಿ ಓಡಿಸುತ್ತ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಲೇ ಇರಬೇಕು. "ಎಡಕ್ಕೆ ನಾಯಿ ಸಾರ್. ಬಲಕ್ಕೆ ಸ್ಕೂಟರ್ ಸಾರ್. ಆ ಕಡೆ ಒಬ್ರು ಮುದುಕಪ್ಪ ಸಾರ್, ದಾಟೋ ಹಾಗಿದಾರೆ, ಇಲ್ಲ ದಾಟಲ್ಲ, ಅಯ್ಯೋ ದಾಟಿದ್ರು ಸಾರ್!" ಬೇಸಿಗೆಯಲ್ಲಿ ಕಾರಿನ ಗಾಜು ಇಳಿಸಿದ್ದರೆ, ನಮ್ಮ ಬೀದಿಯವರು ಮನೆಯೊಳಗೇ ಕುಳಿತು ಹೊರಗಿನ ಸಂಚಾರದ ಸ್ಥಿತಿಗತಿ ತಿಳಿದುಕೊಳ್ಳಬಹುದಿತ್ತು. ಶಾಲೆಯ ಮಾಲೀಕರು ಹಿಗ್ಗಿ ಹೀರೇಕಾಯಾಗಿ, 'ಕಂಡದ್ದು ಹೇಳಿ, ಲೈಸೆನ್ಸ್ ಗೆಲ್ಲಿ' ಎಂದು ಹಲಗೆ ಬರೆಸಿ ಅದರಲ್ಲಿ ಭಾವನ ಫೋಟೋ ಹಾಕಿಸಿದರು. ಪಾಸಾಗುವವರ ಸಂಖ್ಯೆಯೂ ಏರಿತು. ಭಾವನ ಮಗಳು ಪುಟ್ಟಿ ಹತ್ತನೇ ತರಗತಿ. ಲೈಸೆನ್ಸಿನ ವಯಸ್ಸಿಗೆ ಇನ್ನೂ ದೂರ. ಅವಳು ಕೂಡ ಕಾರಿನಲ್ಲಿ ಕುಳಿತರೆ ಅಭ್ಯಾಸಬಲದಿಂದ "ಅಪ್ಪಾ, ಲಾರಿ" ಎನ್ನತೊಡಗಿದಳು.

ಈ ಮಹಾಶೋಧದ ಮೂಲ ಯಾವುದೆಂದು ನನಗೆ ತಿಳಿದದ್ದು ಮೂರು ವಾರದ ಹಿಂದೆ. ಭಾವ ಮುದ್ರಣಾಲಯಕ್ಕೆ ಫೋನು ಮಾಡಿ, "ಕಣ್ಣಾಸ್ಪತ್ರೇಲಿ ಏನೋ ಫಾರಂ ತುಂಬಬೇಕಂತೆ, ಬಾ" ಎಂದರು. ಹೋದೆ. ಅಲ್ಲೊಂದು ದೊಡ್ಡ ಬಟ್ಟಲಿನಂಥ ಯಂತ್ರ. ಅದರೊಳಗೆ ಮುಖವಿಟ್ಟು ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಭಾವ ಶಿಸ್ತಾಗಿ ಕುಳಿತರು. ನಾಲ್ಕೈದು ಸಲ ಟಿಕ್ ಎಂದಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಕೊನೆಗೆ ಅವರು ಬಟ್ಟಲಿನೊಳಗಿಂದಲೇ ಕೇಳಿದರು, "ಯಾಕಮ್ಮಾ, ಕರೆಂಟ್ ಹೋಯ್ತಾ? ಯಾವಾಗ ಶುರು ಮಾಡ್ತೀರಾ?"

ಯಂತ್ರದ ಹುಡುಗಿ ನನ್ನ ಮುಖ ನೋಡಿದಳು. "ಮುಗೀತು ಸಾರ್" ಎಂದಳು.

ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿನ ಹಿಂದಿನ ನರ ಒಣಗುತ್ತಿದೆ. ನೇರಕ್ಕೆ ಇರುವುದು ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಹೋಗಿದೆ. ಹೋದದ್ದು ವಾಪಸು ಬರುವುದಿಲ್ಲ. ದಿನಕ್ಕೆ ಮೂರು ಸಲ ಹನಿ ಹಾಕಿಕೊಂಡರೆ ಉಳಿದದ್ದು ಉಳಿಯಬಹುದು. "ಗಾಡಿ ಓಡಿಸೋದು ಇವತ್ತಿಂದಲೇ ಬಿಟ್ಬಿಡಿ. ಏನು ಕೆಲಸ ನಿಮ್ದು?"

"ಮೇಷ್ಟ್ರು" ಎಂದರು ಭಾವ.

"ಹಾಗಾದ್ರೆ ಬಿಡಿ, ಪಾಠ ಮಾಡೋಕೇನೂ ತೊಂದ್ರೆ ಇಲ್ಲ" ಎಂದು ಡಾಕ್ಟರು ಸಮಾಧಾನ ಹೇಳಿ ಕಳಿಸಿದರು.

ಮೆಟ್ಟಿಲಿಳಿಯುವಾಗ ಭಾವ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ಮುಟ್ಟಿ ನೋಡಿ ಇಳಿದರು. ಎಷ್ಟು ದಿನದಿಂದ ಹಾಗೆ ಇಳಿಯುತ್ತಿದ್ದರೋ, ನಾನು ಗಮನಿಸಿದ್ದು ಅಂದೇ. ಕಂಡದ್ದು ಹೇಳಿ ಎಂಬ ಪದ್ಧತಿಯನ್ನು ಮೋಸಕ್ಕೆಂದು ಹೂಡಿದವರಲ್ಲ ಅವರು. ಕಣ್ಣು ಹೋಗುತ್ತಿರುವುದು ಕಣ್ಣಿಗೇ ಗೊತ್ತಿರಲಿಲ್ಲ. ಬ್ರೇಕಿನ ಕಾಲಿಗೆ ಮಾತ್ರ ಹೇಗೋ ಗೊತ್ತಾಗಿ, ಅದು ಬೇರೆಯವರ ಕಣ್ಣನ್ನು ಕಡ ಕೇಳತೊಡಗಿತ್ತು.

"ನಿಮ್ಮಕ್ಕನಿಗೆ ಹೇಳ್ಬೇಡ" ಎಂದರು, ಕೊನೆಯ ಮೆಟ್ಟಿಲಲ್ಲಿ ನಿಂತು. "ನಾನೇ ಹೇಳ್ತೀನಿ. ರಜಾ ಟ್ರಿಪ್ ಮುಗಿಸ್ಕೊಂಡು ಬಂದು ಹೇಳ್ತೀನಿ."

"ಟ್ರಿಪ್ಪಾ? ಯಾರು ಓಡ್ಸೋದು?"

"ಯಾರು ಅಂದ್ರೆ? ಪ್ರತಿ ವರ್ಷ ಯಾರು ಓಡಿಸ್ತಾರೆ?"

ಇಲ್ಲೊಂದು ಮಾತು ಹೇಳಬೇಕು. ಕಾರಿನಲ್ಲೇ ಬದುಕು ಸವೆಸಿದ ಈ ಮನುಷ್ಯನಿಗೆ ವರ್ಷವೆಲ್ಲ ಸಿಗುವುದು ಪಕ್ಕದ ಸೀಟು. ಸ್ಟಿಯರಿಂಗ್ ಚಕ್ರ ಕಲಿಯುವವರದು. ಮನೆಯ ಹಳೆಯ ನೀಲಿ ಕಾರು ತರಕಾರಿಗೆ, ಭಾವನ ತಾಯಿಯ ಔಷಧಕ್ಕೆ ಆಗೊಮ್ಮೆ ಈಗೊಮ್ಮೆ ಹೊರಡುತ್ತದಷ್ಟೆ. ವರ್ಷದ ಕೊನೆಯ ರಜೆಯಲ್ಲಿ ಒಂದು ಶನಿವಾರ, ಒಂದು ಭಾನುವಾರ, ನಾಲ್ಕು ಗಂಟೆ ದೂರದ ಕೆರೆಯೂರಿಗೆ ದೀಪಾಲಂಕಾರ ನೋಡಲು ಸಂಸಾರ ಸಮೇತ ಹೊರಡುವಾಗ ಮಾತ್ರ ಭಾವ ನಿಜವಾದ ಸಾರಥಿ. ಆ ಎರಡು ದಿನಕ್ಕಾಗಿ ಅವರು ಹೊಸ ಅಂಗಿ ಇಸ್ತ್ರಿ ಮಾಡಿಸುವರು.

"ನೀನು ಪಕ್ಕ ಕೂತ್ಕೋ. ಕಂಡಿದ್ದು ಹೇಳ್ತಾ ಹೋಗು. ಅಲ್ಪವಿರಾಮ ಹಿಡಿಯೋ ಕಣ್ಣಿಗೆ ಲಾರಿ ಕಾಣಲ್ವಾ?"

ಆಗ ನಾನು "ಆಗಲ್ಲ ಭಾವ" ಎನ್ನಬೇಕಿತ್ತು. ಈಗ ಬರೆಯುವಾಗ ಬುದ್ಧಿ ಧಾರಾಳವಾಗಿದೆ. ಆಗ ಅವರು ಬೀದಿಯಲ್ಲಿ ನಿಂತು, ನೇರಕ್ಕೆ ನನ್ನನ್ನೇ ನೋಡುತ್ತ, "ಇದೊಂದ್ಸಲ ಕಣೋ" ಎಂದಾಗ ನನ್ನ ಬಾಯಿಂದ ಬಂದದ್ದು "ಹ್ಞೂಂ" ಎಂಬ ಹೇಡಿ ಶಬ್ದ.

ಹೀಗೆ ಸಿದ್ಧವಾಯಿತು ನಮ್ಮ ದಂಡಯಾತ್ರೆಯ ವ್ಯೂಹ. ಓಡಿಸುವವರಿಗೆ ಕಾಣದು, ಕಾಣುವವನಿಗೆ ಓಡಿಸಲು ಬಾರದು. ಇಬ್ಬರ ನಡುವೆ ಒಂದು ಗೇರ್.

ಮೊದಲ ಕಂಟಕ ಮುಂದಿನ ಸೀಟು. ಅದು ಮದುವೆಯಾದಂದಿನಿಂದ ನನ್ನ ಅಕ್ಕನ ಸಿಂಹಾಸನ. ಅಕ್ಕ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. "ನೋವೇನೂ ಇಲ್ಲ" ಎಂದು ಸುಳ್ಳು ಹೇಳಿಕೊಂಡು ಬರುವ ಮುಖಗಳನ್ನು ಹದಿನೆಂಟು ವರ್ಷದಿಂದ ನೋಡುತ್ತಿರುವವಳು. ಅವಳ ಮುಂದೆ ನಟಿಸುವುದೆಂದರೆ ಹುಡುಗಾಟವಲ್ಲ. ಆದರೂ ನಟಿಸಿದೆ. "ಈಚೀಚೆಗೆ ಹಿಂದೆ ಕೂತ್ರೆ ವಾಂತಿ ಬರತ್ತೆ ಅಕ್ಕಾ" ಎಂದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈಗೊಂದು ನಿಂಬೆಹಣ್ಣು ಕೊಟ್ಟು, ಹಿಂದಿನ ಸೀಟಿಗೆ ಹೋದಳು. ಅಲ್ಲಿ ಭಾವನ ತಾಯಿ, ಎಲ್ಲರ ಪಾಲಿನ ಅಜ್ಜಿ, ಆಗಲೇ ಮೂರು ಚೀಲಗಳೊಂದಿಗೆ ಠಾಣೆ ಹೂಡಿದ್ದರು. ಪುಟ್ಟಿ ಕಾರಿಗೂ ಅಲಂಕಾರ ಮಾಡಿದ್ದಳು: ಹಿಂದಿನ ಗಾಜಿಗೆ ಬಣ್ಣದ ಕಾಗದದ ಸರ, ಪಕ್ಕದ ಕನ್ನಡಿಗಳಿಗೆ ಬೆಳ್ಳಿ ಜರಿಯ ಕುಚ್ಚು. ಕನ್ನಡಿಯ ಮೇಲೆ ಒಂದು ಧೂಳಿನ ಕಣವಿದ್ದರೂ ಕಲಿಯುವವರ ಜನ್ಮ ಜಾಲಾಡುತ್ತಿದ್ದ ಭಾವ ಅದನ್ನು ಕಂಡು, ಅಥವಾ ಕಾಣದೆ, "ಚೆನ್ನಾಗಿದೆ ಪುಟ್ಟಿ" ಎಂದರು. ನಾನು ನಿಂಬೆಹಣ್ಣನ್ನು ನಿಜವಾಗಿಯೂ ಒಮ್ಮೆ ಮೂಸಿದೆ.

ಹೊರಟೆವು. ನಾನು ಶುರುಮಾಡಿದೆ. "ಎಡಕ್ಕೆ ಸೈಕಲ್ ಭಾವ. ಬಲಕ್ಕೆ ಬಸ್ಸು, ನಿಂತಿದೆ. ಬಸ್ಸಿಂದ ಒಬ್ಬಮ್ಮ ಇಳೀತಿದಾಳೆ. ಅವಳ ಹಿಂದೆ ಇನ್ನೊಬ್ಬಳು. ಅವಳ ಕೈಲಿ ಕುಕ್ಕರ್."

"ಕುಕ್ಕರ್ ಬೇಡ" ಎಂದು ಭಾವ ಗೊಣಗಿದರು. ಕರಡು ತಿದ್ದುವವನ ಕಣ್ಣಿಗೆ ಯಾವುದು ಮುಖ್ಯ ಯಾವುದು ಅಮುಖ್ಯ ಎಂಬ ಭೇದವಿಲ್ಲ.

"ಏನೋ ಇದು ನಿನ್ನ ಮಂತ್ರ?" ಹಿಂದಿನಿಂದ ಅಕ್ಕ.

"ಲೈಸೆನ್ಸಿಗೆ ಮತ್ತೆ ಕಟ್ಟಿದೀನಿ ಅಕ್ಕಾ. ಐದನೇ ಸಲ. ಅಭ್ಯಾಸ ಮಾಡ್ತಿದೀನಿ."

"ಪಾಪ, ಆ ಆಫೀಸರ್ ಇನ್ನೂ ಬದುಕಿದಾರಾ?" ಎಂದರು ಅಜ್ಜಿ. ಕಾರೆಲ್ಲ ನಕ್ಕಿತು. ಭಾವ ಕೂಡ ನಕ್ಕರು, ಮುಂದಿನ ರಸ್ತೆಯಿಂದ ಕಣ್ಣು ಕೀಳದೆ.

ನಮ್ಮ ಮನೆಯವರ ಪ್ರವಾಸವೆಂದರೆ ಒಂದು ತಿಂಡಿಯಿಂದ ಇನ್ನೊಂದು ತಿಂಡಿಗೆ ಇರುವ ದೂರವನ್ನು ಕಾರಿನಲ್ಲಿ ಕ್ರಮಿಸುವುದು. ಮೊದಲ ನಿಲ್ದಾಣದಲ್ಲಿ ಬಿಸಿ ಬನ್ನು, ಮೇಲೆ ಕರಗುತ್ತಿರುವ ಬೆಣ್ಣೆ, ಜೊತೆಗೆ ಚಹ. ಎಲ್ಲರೂ ಎರಡೆರಡು ತಿಂದರು. ನಾನು ಕೈ ಚಾಚಿದೆ. ಅಕ್ಕ ಕೈ ಮೇಲೆ ಹೊಡೆದಳು. "ವಾಂತಿಯವರಿಗೆ ಬೆಣ್ಣೇನಾ? ನಿಂಬೆಹಣ್ಣು ಮೂಸು." ಎರಡನೇ ನಿಲ್ದಾಣದಲ್ಲಿ ಆಮ್ಲೆಟ್ಟು ಮತ್ತು ಸುಟ್ಟ ಜೋಳ. ಅಜ್ಜಿ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಒರೆಸಿ ಹಾಕಿಕೊಂಡು ಎರಡು ಜೋಳದ ತೆನೆಯನ್ನು ಶತ್ರುವಿನ ಸೇನೆಯಂತೆ ಸಾಲುಸಾಲಾಗಿ ಉರುಳಿಸಿದರು. ನನಗೆ ಬರಿಯ ಬ್ರೆಡ್ಡು ಒಂದು ಚೂರು, ಮತ್ತೆ ನಿಂಬೆಹಣ್ಣು. ಭಾವ ನನ್ನ ಕಡೆ ಕರುಣೆಯಿಂದ ನೋಡಿದರು. ಆ ಕರುಣೆಗೆ ಉಪ್ಪು ಖಾರ ಹಚ್ಚಿ ತಿನ್ನುವ ಹಾಗಿದ್ದಿದ್ದರೆ ಅದನ್ನೇ ತಿನ್ನುತ್ತಿದ್ದೆ.

ಹೀಗೆ ಖಾಲಿ ಹೊಟ್ಟೆಯಲ್ಲಿ ಎರಡೂವರೆ ಗಂಟೆ ನಾಯಿ, ಲಾರಿ, ಟ್ರ್ಯಾಕ್ಟರ್ ಎಂದು ಕೂಗಿದವನ ಸ್ಥಿತಿ ನೀವೇ ಊಹಿಸಿ. ಮೂರನೇ ನಿಲ್ದಾಣ ಆಲೂಗಡ್ಡೆ ಕರಿಯುವ ಅಂಗಡಿ. ರಜೆಯ ಅಲಂಕಾರಕ್ಕೆಂದು ಬಾಗಿಲಲ್ಲಿ ಗಾಳಿ ತುಂಬಿದ ಆಳೆತ್ತರದ ಹಿಮಗೊಂಬೆಯೊಂದನ್ನು ನಿಲ್ಲಿಸಿದ್ದರು. ಎಲ್ಲೋ ತೂತು ಬಿದ್ದು ಗಾಳಿ ಸೋರುತ್ತಿತ್ತು. ಗೊಂಬೆ ಮೆಲ್ಲಗೆ ಸೊಂಟ ಬಗ್ಗಿಸುವುದು, ಅಂಗಡಿಯವನು ಬಂದು ಪಂಪು ಹೊಡೆದು ನೆಟ್ಟಗೆ ಮಾಡುವುದು, ಮತ್ತೆ ಬಗ್ಗುವುದು. ಎಲ್ಲರೂ ಒಳಗೆ ಕುಳಿತಿದ್ದಾಗ ನಾನು, "ಗಾಳಿ ಕುಡಿದು ಬರ್ತೀನಿ" ಎಂದು ಹೊರಬಂದು, ಒಂದು ಪೊಟ್ಟಣ ಕರಿದ ಆಲೂಗಡ್ಡೆ ತೆಗೆದುಕೊಂಡು ಗೊಂಬೆಯ ಹಿಂದೆ ಅವಿತೆ. ಆಹಾ! ಮೊದಲ ತುಂಡು ನಾಲಗೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಪೊಟ್ಟಣ ಅರ್ಧವಾಗಿತ್ತು. ಎರಡೂ ದವಡೆ ತುಂಬಿತ್ತು. ಆಗ ನನ್ನ ಮುಂದಿದ್ದ ಕೋಟೆ ಉಸ್ಸೆಂದು ಉಸಿರುಬಿಟ್ಟು, ತಲೆ ಬಾಗಿಸಿ, ಸೊಂಟ ಬಾಗಿಸಿ, ನೆಲ ಕಚ್ಚಿತು. ಆಚೆ ಬದಿಯಲ್ಲಿ ಅಕ್ಕ ನಿಂತಿದ್ದಳು.

"ಓಹೋಹೋ!" ಎಂದಳು. "ವಾಂತಿ ಬರೋರು ತಿನ್ನೋ ವೈಖರಿ ನೋಡಿ! ಒಂದು ನಿಂಬೆಹಣ್ಣು ವೇಸ್ಟ್ ಮಾಡಿದ್ಯಲ್ಲೋ ಮಹಾನುಭಾವ! ಮುಂದಿನ ಸೀಟಿಗೋಸ್ಕರ ಒಡಹುಟ್ಟಿದವಳಿಗೇ ಟೋಪಿ ಹಾಕ್ತೀಯಾ?"

ಬಾಯಿ ತುಂಬಿದ್ದರಿಂದ ನನಗೆ ವಾದ ಮಂಡಿಸಲಾಗಲಿಲ್ಲ. ಭಾವ ಓಡಿ ಬಂದರು. "ಇರ್ಲಿ ಬಿಡೆ, ಹಸಿದಿದ್ದ. ಅವನು ಮುಂದೇನೇ ಕೂತ್ಕೊಳ್ಳಲಿ."

ಅದೇ ತಪ್ಪಾಯಿತು. ಅಕ್ಕ ನಿಧಾನವಾಗಿ ಅವರ ಕಡೆ ತಿರುಗಿದಳು. "ಅಂದ್ರೆ ನಿಮಗೂ ಗೊತ್ತಿತ್ತು. ಇಬ್ರೂ ಸೇರ್ಕೊಂಡು ಆಡಿದ ನಾಟಕ. ಯಾಕೆ, ನಾನು ಪಕ್ಕ ಕೂತ್ರೆ ನಿಮಗೆ ಬೇಜಾರಾ? ವರ್ಷಕ್ಕೆ ಎರಡು ದಿನ ಸಿಗತ್ತೆ ನನಗೆ ಆ ಸೀಟು. ಮಿಕ್ಕ ದಿನ ಎಲ್ಲಾ ನೀವು ಊರೋರ ಪಕ್ಕ ಕೂತಿರ್ತೀರಿ."

ಹೇಳಬಹುದಾದ ಒಂದೇ ಒಂದು ಉತ್ತರ ಭಾವನ ಹತ್ತಿರವಿತ್ತು. ಅದನ್ನು ಹೇಳಿದರೆ ಕೀಲಿಕೈ ಹೋಗುತ್ತಿತ್ತು. ಅವರು ಸುಮ್ಮನಾದದ್ದನ್ನು ಅಕ್ಕ ಹೌದೆಂದೇ ತಿಳಿದಳು. ಅವಳ ಮುಖ ಸಣ್ಣಗಾಯಿತು. ಹೋಗಿ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು.

"ಇನ್ನು ಈ ಕಾರಲ್ಲಿ ಯಾರೂ ಬಾಯಿ ಬಿಡಕೂಡದು. ನಾಯಿ ಬಂತು ನರಿ ಬಂತು ಅನ್ನೋ ಪಾರಾಯಣ ಮೊದ್ಲು ನಿಲ್ಲಬೇಕು."

ನನ್ನನ್ನು ಹಿಂದೆ, ಅಜ್ಜಿ ಮತ್ತು ಪುಟ್ಟಿಯ ನಡುವೆ, ಮೂರು ಚೀಲಗಳ ಕೆಳಗೆ ತುರುಕಲಾಯಿತು. ಅಜ್ಜಿ ನಿದ್ದೆಹೋದರು. ಪುಟ್ಟಿ, ದೊಡ್ಡವರ ಜಗಳ ಹೊಸದಲ್ಲವೆಂಬಂತೆ, ಕಿವಿಗೆ ಹಾಡು ಸಿಕ್ಕಿಸಿಕೊಂಡಳು. ಇಂಥ ಮೌನ ನಾನು ಕರಡು ತಿದ್ದುವ ಕೋಣೆಯಲ್ಲೂ ಕಂಡಿರಲಿಲ್ಲ. ಒಂದು ಚೀಲದ ಹಿಡಿಕೆ ಮತ್ತು ಅಕ್ಕನ ತಲೆಯ ನಡುವೆ ರಸ್ತೆಯ ಒಂದು ಅಂಗೈಯಗಲದ ಚೂರು ನನಗೆ ಕಾಣುತ್ತಿತ್ತು. ಭಾವನಿಗೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತಿದೆಯಲ್ಲವೇ ಎಂದು ಆಗ ಹೊಳೆಯಿತು.

ಭಾವ ಬಹಳ ನಿಧಾನ ಓಡಿಸಿದರು. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ಕೋಪಕ್ಕೆ ಹೀಗೆ ಓಡಿಸುತ್ತಿದ್ದಾರೆಂದು ತಿಳಿದ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಒಂದು ಸಲ ನಾನು "ಭಾವ, ಎಡಕ್ಕೆ..." ಎಂದೆ. "ಮುಚ್ಚು ಬಾಯಿ" ಎಂದಳು. ಇನ್ನೊಂದು ಸಲ ಕೆಮ್ಮಿದೆ. ಭಾವ ಕೆಮ್ಮಿಗೂ ಬ್ರೇಕ್ ಹಾಕಿದರು. ಅಜ್ಜಿ ಎಚ್ಚರಾಗಿ "ಊರು ಬಂತಾ?" ಎಂದು ಕೇಳಿ ಮತ್ತೆ ಮಲಗಿದರು. ಹಿಂದಿನವರು ಹಾರ್ನ್ ಬಾರಿಸಿದರು. ಭಾವನ ಕತ್ತಿನ ಹಿಂಭಾಗ ಒದ್ದೆಯಾಗಿತ್ತು. ಕಾಲರಿನ ಹೊಸ ಇಸ್ತ್ರಿ ಮುದುಡಿತ್ತು. ನಾನು ಅಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆ. ಮಾಡಬಹುದಾದ ಬೇರೆ ಕೆಲಸವೇ ಇರಲಿಲ್ಲ.

ಕೆರೆಯೂರಿಗೆ ಇನ್ನೇನು ಐದು ನಿಮಿಷ ಎನ್ನುವಾಗ ಪಕ್ಕದ ಗಲ್ಲಿಯಿಂದ ಒಂದು ಪಿಕಪ್ ಗಾಡಿ ಬಂತು. ಅದರ ಮೇಲೆ ಬಂಗಾರ ಬಣ್ಣದ ಕಾಗದ ಅಂಟಿಸಿದ ದೊಡ್ಡದೊಂದು ನಕ್ಷತ್ರ, ಒಂದು ಕೋಣೆಯಗಲ, ಬಿಸಿಲಿಗೆ ಧಗಧಗ ಹೊಳೆಯುತ್ತಿತ್ತು. ಕುರುಡನಿಗೂ ಕಾಣುವಂಥದ್ದು ಎನ್ನುತ್ತೇವಲ್ಲ, ಹಾಗಿತ್ತು. ಅದು ನಮ್ಮ ರಸ್ತೆಗೆ ಮೂತಿ ಹಾಕಿತು. ಭಾವನ ಕಾಲು ಅಲುಗಲಿಲ್ಲ.

"ಪಕ್ಕ! ಭಾವ, ಪಕ್ಕ!"

ಆ ಬಲಗಾಲು! ಕಣ್ಣಿಗೆ ಸುದ್ದಿ ಮುಟ್ಟುವ ಮೊದಲೇ ಅದು ಕೆಲಸ ಮುಗಿಸಿತ್ತು. ಕಾರು ಕಿರುಚಿ, ಮೂಗು ನೆಲಕ್ಕೆ ಬಗ್ಗಿಸಿ, ಪಿಕಪ್ಪಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಹಗ್ಗ ಹರಿದು ನಕ್ಷತ್ರ ಜಾರಿ, ಸಾವಕಾಶವಾಗಿ, ನಮ್ಮ ಬಾನೆಟ್ಟಿನ ಮೇಲೆ ಅವತರಿಸಿತು.

ಪಿಕಪ್ಪಿನವನು ಇಳಿದು ಬಂದ. "ಏನ್ರೀ ಯಜಮಾನ್ರೇ, ಕಣ್ಣು ಮನೇಲಿ ಬಿಟ್ಟು ಬಂದಿದೀರಾ? ಇಷ್ಟು ದೊಡ್ಡದು ಕಾಣ್ಸಲ್ವಾ?"

ಇಂಥ ಸಂದರ್ಭದಲ್ಲಿ ಭಾವ ಕಾರಿನಿಂದಿಳಿದು, ಗಲ್ಲಿಯಿಂದ ದೊಡ್ಡರಸ್ತೆಗೆ ಬರುವವನ ಕರ್ತವ್ಯಗಳ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಡುವುದು ವಾಡಿಕೆ. ಎದುರಾಳಿ ಕೊನೆಗೆ ಕೈಮುಗಿದು ಓಡುತ್ತಿದ್ದ. ಅಂದು ಅವರು ಇಳಿಯಲಿಲ್ಲ. ಚಕ್ರ ಹಿಡಿದ ಕೈ ಬಿಡದೆ, "ತಪ್ಪಾಯ್ತಪ್ಪ" ಎಂದರು.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ ಗಂಡನನ್ನು ನೋಡಿದಳು. ಕ್ಲಿನಿಕ್ಕಿಗೆ ಬಂದವರನ್ನು ನೋಡುವ ನೋಟ ಅದು.

ಸಂಜೆ ದೀಪ ಹತ್ತಿತು. ಕೆರೆಯ ದಂಡೆಯ ಬೀದಿಗೆ ಬೀದಿಯೇ ಝಗಝಗ. ಮರದ ಕಾಂಡಗಳಿಗೆ ಸುತ್ತಿದ ಹಳದಿ ದೀಪದ ಸರ, ಬೀದಿಯ ನೆತ್ತಿಯ ಮೇಲೆ ಅಡ್ಡಡ್ಡ ಕಟ್ಟಿದ ಕೆಂಪು ನೀಲಿ ಲಾಟೀನುಗಳು, ನಡುವೆ ಮೂರಂತಸ್ತಿನ ಬೆಳಕಿನ ಕಮಾನು. ಪುಟ್ಟಿ ಅಜ್ಜಿಯನ್ನು ಕಮಾನಿನ ಕೆಳಗೆ ನಿಲ್ಲಿಸಿ ಹದಿನೇಳು ಫೋಟೋ ತೆಗೆದಳು. ಹದಿನೇಳರಲ್ಲೂ ಅಜ್ಜಿ ಹುರಿದ ಕಡಲೆಕಾಯಿ ಅಗಿಯುತ್ತಿದ್ದರು. ಭಾವ ಕೈಕಟ್ಟಿ ನಿಂತು ಕಮಾನನ್ನು ಕೆಳಗಿಂದ ಮೇಲಕ್ಕೆ, ತುಂಡು ತುಂಡಾಗಿ, ಕರಡು ಓದುವವನಂತೆ ನೋಡುತ್ತಿದ್ದರು. ಒಂದು ದೀಪ, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು.

ಅಕ್ಕ ಐಸ್‌ಕ್ರೀಮ್ ತರುತ್ತೇನೆಂದು ಹೋದಳು. ಅವಳ ಕೋಪ ಇಳಿಯಿತು ಎನ್ನಲು ಅದೇ ಗುರುತು. ಎರಡು ಕೋನು ಹಿಡಿದು ವಾಪಸು ಬಂದು, ಭಾವನ ಎಡಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಳು. ಒಂದು ಕೋನನ್ನು ಅವರ ಕಡೆ ಚಾಚಿದಳು. ಭಾವ ಕಮಾನನ್ನೇ ನೋಡುತ್ತ, ಬಲಕ್ಕಿದ್ದ ನನಗೆ ಹೇಳಿದರು:

"ಎಲ್ಲಿ ಹೋದ್ಲೋ ಇವಳು? ಅಂಗಡೀನೇ ಕಿತ್ಕೊಂಡು ಬರ್ತಿದಾಳೇನೋ."

ಅಕ್ಕ ತಮಾಷೆಯೆಂದುಕೊಂಡು ನಕ್ಕಳು. ಸದ್ದಿಲ್ಲದ ನಗೆ. ಕೋನನ್ನು ಅವರ ಕಿವಿಯ ಹತ್ತಿರ ತಂದಳು. ನಾನು ಕಣ್ಣು ದೊಡ್ಡದು ಮಾಡಿ ಸನ್ನೆ ಮಾಡಿದೆ. ಯಾರಿಗೆ ಮಾಡುತ್ತಿದ್ದೇನೆ, ಏನೆಂದು ಮಾಡುತ್ತಿದ್ದೇನೆ ಎಂಬುದು ನನಗೇ ತಿಳಿಯದು.

"ಭಾವ, ಅಕ್ಕ..."

"ಕೋಪ ಇನ್ನೂ ಇಳಿದಿಲ್ಲ ಕಣೋ ಅವಳಿಗೆ. ಬೇಜಾರು ಮಾಡ್ಕೊಂಡಿದಾಳೆ. ನೀನು ಬಾಯಿ ಬಿಟ್ಟಿಲ್ಲ ತಾನೆ? ಡಾಕ್ಟ್ರ ವಿಷ್ಯ? ಬಿಡಬೇಡ. ನಾಳೆ ಒಂದಿನ. ಕಾರು ಮನೆ ಮುಟ್ಟಿಸಿಬಿಟ್ರೆ ಆಮೇಲೆ ನಾನೇ ಹೇಳ್ತೀನಿ. ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ ನೋಡು."

ಅಕ್ಕನ ನಗೆ ಮುಖದ ಮೇಲೆ ಇದ್ದ ಹಾಗೇ ಇತ್ತು, ಅದರೊಳಗಿನದು ಮಾತ್ರ ಖಾಲಿಯಾಯಿತು. ಐಸ್‌ಕ್ರೀಮ್ ಕರಗಿ ಅವಳ ಮಣಿಕಟ್ಟಿಗಿಳಿಯಿತು, ಬಳೆಯನ್ನು ದಾಟಿತು. ಅವಳು ಕೂಗಲಿಲ್ಲ. ಆ ಕೋನನ್ನು ಬಹಳ ನಿಧಾನವಾಗಿ, ಅಂಗುಲ ಅಂಗುಲವಾಗಿ, ಕಿವಿಯಿಂದ ಕೆನ್ನೆಯ ಕಡೆಗೆ, ಕೆನ್ನೆಯಿಂದ ಮುಂದಕ್ಕೆ ಸರಿಸುತ್ತ ಬಂದಳು. ಅವಳು ಅಳೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಕೋನು ಮೂಗಿನ ನೇರಕ್ಕೆ ಬರಲು ಇನ್ನು ಎರಡು ಬೆರಳು ಇರುವಾಗ ಭಾವ ಬೆಚ್ಚಿದರು.

"ಓ! ಬಂದ್ಯಾ? ಯಾವಾಗ ಬಂದೆ?"

"ಆಗ್ಲೇ ಬಂದೆ" ಎಂದಳು ಅಕ್ಕ. "ಕರಗ್ತಿದೆ. ತಿನ್ನಿ ಮೊದ್ಲು."

ಭಾವ ತಿಂದರು. ಐಸ್‌ಕ್ರೀಮನ್ನು ಅಷ್ಟು ಕಷ್ಟಪಟ್ಟು ನುಂಗಿದವರನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಕೆರೆಯ ಕಟ್ಟೆಯ ಮೇಲೆ ಕುಳಿತು ಮೂರು ವಾಕ್ಯದಲ್ಲಿ ಎಲ್ಲ ಹೇಳಿದರು. ಬಟ್ಟಲು ಯಂತ್ರದ್ದನ್ನು ತಮಾಷೆಯಾಗಿ ಹೇಳಲು ನೋಡಿದರು. ಯಾರೂ ನಗಲಿಲ್ಲ. ಅಕ್ಕ ಕೈಚೀಲದಿಂದ ನನ್ನ ತಲೆಗೊಂದು ಬಾರಿಸಿದಳು.

"ನಮ್ಮಪ್ಪನಿಗೆ ನೀನೊಬ್ಬ ಗಂಡುಮಗ!" ಎಂದಳು. ನಾನು ಒಪ್ಪಿಕೊಂಡೆ.

ಆಮೇಲೆ ಭಾವನ ಮುಂದೆ ಅಂಗೈ ಚಾಚಿದಳು.

"ನಾಳೆ ಒಂದಿನ ಕಣೆ" ಎಂದರು ಭಾವ. "ನಿಧಾನಕ್ಕೆ ಓಡಿಸ್ತೀನಿ. ನೀವೆಲ್ಲಾ ಹೇಳ್ತಾ ಇದ್ರೆ ನನಗೇನೂ ಕಷ್ಟ ಇಲ್ಲ."

"ಅಮ್ಮನ್ನ ಹಿಂದೆ ಕೂರಿಸ್ಕೊಂಡು? ಪುಟ್ಟೀನ ಕೂರಿಸ್ಕೊಂಡು?"

"ಶಾಲೇಲಿ ಸೋಮವಾರ ಹೊಸಬಳೊಬ್ಳು ಬರ್ತಾಳೆ. ಏಳು ಗಂಟೆಗೆ. ತುಂಬಾ ಹೆದ್ರಿಕೆ ಅಂತೆ. ನಾನೇ ಬೇಕು ಅಂದಿದಾಳಂತೆ."

"ಬರ್ಲಿ, ಬೇರೆ ಯಾರಾದ್ರೂ ಕಲಿಸ್ಲಿ. ಅವಳೂ ಯಾರದೋ ಮನೆ ಪುಟ್ಟೀನೇ."

ಭಾವ ಕಿಸೆಗೆ ಕೈಹಾಕಿ ಕೀಲಿಕೈ ತೆಗೆದು, ಅದನ್ನು ಅಂಗೈಯಲ್ಲಿ ಒಂದು ಸಲ ತೂಗಿ ನೋಡಿ, ಕೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಅವರು ಯಾವ ಗಾಡಿಯನ್ನೂ ಅಷ್ಟು ಮೆಲ್ಲಗೆ ನಿಲ್ಲಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ವಸತಿಗೃಹದ ಅಂಗಳದಲ್ಲಿ ಅಕ್ಕ ಚಕ್ರದ ಹಿಂದೆ ಕುಳಿತಳು. ಅವಳಿಗೆ ಲೈಸೆನ್ಸ್ ಬಂದು ಹದಿನಾಲ್ಕು ವರ್ಷವಾಗಿದೆ. ಕಲಿಸಿದ ಗುರು ಭಾವನೇ. ಆದರೆ ಆ ಹದಿನಾಲ್ಕು ವರ್ಷದಲ್ಲಿ ಅವಳು ತರಕಾರಿ ಮಾರುಕಟ್ಟೆಯಿಂದಾಚೆ ಕಾರು ಓಡಿಸಿಲ್ಲ, ಹೆದ್ದಾರಿ ಮುಟ್ಟಿಲ್ಲ. ಸೀಟನ್ನು ಮುಂದೆ ಎಳೆದಳು, ಹಿಂದೆ ತಳ್ಳಿದಳು, ಮತ್ತೆ ಮುಂದೆ ಎಳೆದಳು. ಪುಟ್ಟಿಯ ಕೈಲಿ ಕನ್ನಡಿಯ ಜರಿಕುಚ್ಚು ಬಿಚ್ಚಿಸಿದಳು. ಪುಟ್ಟಿಗೆ ಬೆಳಿಗ್ಗೆಯೇ ಎಲ್ಲ ಹೇಳಿಯಾಗಿತ್ತು. ಅವಳು ಕುಚ್ಚು ಬಿಚ್ಚಿ ಕನ್ನಡಿಗಳನ್ನೂ ಒರೆಸಿದಳು. ಅಜ್ಜಿಗೆ ಮಾತ್ರ ಹೇಳಿರಲಿಲ್ಲ. "ಯಾಕೆ, ಅವನಿಗೆ ಏನು ಬಂತು ರೋಗ?" ಎಂದರು. "ಬೆನ್ನು ನೋವಮ್ಮ" ಎಂದರು ಭಾವ.

ಅವರು ಪಕ್ಕದ ಸೀಟಿನಲ್ಲಿ, ತಮ್ಮ ಹಳೆಯ ಜಾಗದಲ್ಲಿ ಕುಳಿತರು. ಆದರೆ ಇದು ಶಾಲೆಯ ಕಾರಲ್ಲ. ಅವರ ಕಾಲಡಿಯಲ್ಲಿ ಬರೀ ರಬ್ಬರಿನ ಚಾಪೆ ಇತ್ತು. ಆ ದಪ್ಪ ಕಾಲು ಅಲ್ಲಿ ಏನನ್ನೋ ಹುಡುಕಿ, ಸಿಗದೆ, ಚಾಪೆಯ ಅಂಚಿಗೆ ಹೋಗಿ ಸುಮ್ಮನೆ ಕುಳಿತಿತು.

ಅಂಗಳದಿಂದ ದೊಡ್ಡರಸ್ತೆಗೆ ಇಳಿಯುವಲ್ಲಿ ಅಕ್ಕ ಕಾರು ನಿಲ್ಲಿಸಿದಳು. ಒಂದು ಬಸ್ಸು ಹೋಯಿತು. ಎರಡು ಸ್ಕೂಟರು ಹೋದವು. ರಸ್ತೆ ಖಾಲಿಯಾಯಿತು. ಅಕ್ಕ ಹೊರಡಲಿಲ್ಲ. ಚಕ್ರದ ಮೇಲೆ ಅವಳ ಬೆರಳ ಗೆಣ್ಣುಗಳು ಬಿಳಿಚಿದ್ದವು. ಹಿಂದೆ ಇನ್ನೊಂದು ಕಾರು ಬಂದು ನಿಂತು ಹಾರ್ನ್ ಹೊಡೆಯಿತು.

ಭಾವ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಅಲ್ಲಿಂದ ಪೂರ್ತಿ ಬಲಕ್ಕೆ, ಅಕ್ಕನ ಮೂಗಿನಾಚೆಗೆ, ರಸ್ತೆಯ ಆ ತುದಿಯವರೆಗೆ ನೋಡಿದರು. ಮತ್ತೆ ಎಡಕ್ಕೆ ಹೋಗಿ ಇನ್ನೊಮ್ಮೆ ನೋಡಿ ಬಂದರು. ಕತ್ತಿನ ನರ ಉಬ್ಬಿತ್ತು. ಯಾವ ಕಲಿಯುವವನೂ ಪರೀಕ್ಷೆಯಲ್ಲಿ ಅಷ್ಟು ಶ್ರದ್ಧೆಯಿಂದ ನೋಡಿರಲಾರ.

"ಹೋಗು" ಎಂದರು. "ಯಾರೂ ಇಲ್ಲ."

ಅಕ್ಕನಿಗೆ ಆ ದನಿ ಹೇಳಿದರೆ ಬೆಂಕಿಗೂ ಇಳಿಯುವ ಅಭ್ಯಾಸ. ಕಾಲು ಒಂದಿಷ್ಟು ಎತ್ತಿದಳು. ಕಾರು ಒಂದಿಷ್ಟು ಜರುಗಿತು. ಆಮೇಲೆ ಮತ್ತೆ ಬ್ರೇಕ್ ಒತ್ತಿದಳು. ಎರಡು ಸೀಟುಗಳ ನಡುವಿನಿಂದ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು.

ನಾನೂ ಎರಡೂ ಕಡೆ ನೋಡಿದೆ. ರಸ್ತೆ ನಿಜವಾಗಿಯೂ ಖಾಲಿ ಇತ್ತು. "ಹೋಗು ಅಕ್ಕಾ" ಎಂದೆ.

ಅವಳು ಹೊರಟಳು. ಆಗ ಭಾವ ಎಡಕ್ಕೂ ನೋಡುತ್ತಿರಲಿಲ್ಲ, ಬಲಕ್ಕೂ ನೋಡುತ್ತಿರಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿದಾಗಿನಿಂದ ಅವರು ಅವಳನ್ನೇ ನೋಡುತ್ತಿದ್ದರು, ನೇರಕ್ಕೆ.